ಎಚ್‌ಐವಿ ಪಾಠ ಪರೀಕ್ಷೆಗೆ ಸಾಕು, ವಾರ್ಡಿಗೆ ಸಾಲದು

ಮಂಗಳೂರಿನ ಹತ್ತಿರದ ದೇರಳಕಟ್ಟೆಯಲ್ಲೋ ಉಡುಪಿಯ ಮಣಿಪಾಲದಲ್ಲೋ ನರ್ಸಿಂಗ್ ಓದುತ್ತಿರುವ ಎರಡನೇ ವರ್ಷದ ಯಾರನ್ನಾದರೂ ಕೇಳಿ, ಎಚ್‌ಐವಿ ಹೇಗೆ ಹರಡುತ್ತದೆ ಅಂತ. ಉತ್ತರ ಥಟ್ಟನೆ ಬರುತ್ತದೆ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರು ಬಳಸಿದ ಸೂಜಿ, ತಾಯಿಯಿಂದ ಮಗುವಿಗೆ. ಸೊಳ್ಳೆ ಕಚ್ಚಿದರೆ ಬರಲ್ಲ, ಕೈ ಕುಲುಕಿದರೆ ಬರಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬರಲ್ಲ. ವೈವಾದಲ್ಲಿ ಪೂರ್ತಿ ಅಂಕ.

ಈಗ ಪ್ರಶ್ನೆ ಬದಲಿಸಿ. ರಾತ್ರಿ ಎರಡು ಗಂಟೆ, ನೈಟ್ ಡ್ಯೂಟಿ. ರೋಗಿಯ ರಕ್ತ ತೆಗೆದು ಸೂಜಿಗೆ ಕ್ಯಾಪ್ ಹಾಕುವಾಗ ನಿಮ್ಮ ಬೆರಳಿಗೇ ಚುಚ್ಚಿತು. ಮೊದಲ ಐದು ನಿಮಿಷ ಏನು ಮಾಡುತ್ತೀರಿ? ಯಾರಿಗೆ ಹೇಳುತ್ತೀರಿ? ಮಾತ್ರೆ ಎಲ್ಲಿದೆ? ಆ ಕಪಾಟಿನ ಕೀ ಆ ಹೊತ್ತಿನಲ್ಲಿ ಯಾರ ಹತ್ತಿರ ಇರುತ್ತದೆ? ಇಲ್ಲಿ ಮಾತು ತಡವರಿಸುತ್ತದೆ.

ವೈದ್ಯಕೀಯ, ದಂತ ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ಎಚ್‌ಐವಿ ಅರಿವು ಎಷ್ಟಿದೆ ಅಂತ ದೇಶದ ಬೇರೆ ಬೇರೆ ಕಡೆ ಎಷ್ಟೋ ಸಮೀಕ್ಷೆಗಳು ನಡೆದಿವೆ. ಸಾಮಾನ್ಯವಾಗಿ ಕಾಣುವ ಚಿತ್ರ ಒಂದೇ. ಹರಡುವ ದಾರಿಗಳ ಬಗ್ಗೆ ತಿಳಿವಳಿಕೆ ಚೆನ್ನಾಗಿದೆ. ಸೂಜಿ ಚುಚ್ಚಿದ ಮೇಲೆ ತೆಗೆದುಕೊಳ್ಳಬೇಕಾದ ಔಷಧದ ಬಗ್ಗೆ ತಿಳಿವಳಿಕೆ ಕಡಿಮೆ. ಸೋಂಕಿತರನ್ನು ಮುಟ್ಟಿ ಆರೈಕೆ ಮಾಡುವ ವಿಷಯ ಬಂದಾಗ ಅಳುಕು ಜಾಸ್ತಿ. ಅಂದರೆ ನಾವು ಕಲಿಸಿರುವುದು ಸಾರ್ವಜನಿಕರಿಗೆ ಹೇಳುವ ಪಾಠ. ರಕ್ತದ ಜೊತೆ ದಿನವೂ ಕೆಲಸ ಮಾಡುವವರಿಗೆ ಬೇಕಾದ ಪಾಠ ಬೇರೆಯೇ ಇದೆ.

ಕರಾವಳಿಯಲ್ಲಿ ಈ ಮಾತಿಗೆ ತೂಕ ಹೆಚ್ಚು. ಮಣಿಪಾಲದಲ್ಲಿ 1953ರಲ್ಲಿ, ಮಂಗಳೂರಿನಲ್ಲಿ 1955ರಲ್ಲಿ ಕೆಎಂಸಿ (ಕಸ್ತೂರ್ಬಾ ಮೆಡಿಕಲ್ ಕಾಲೇಜು) ಶುರುವಾಯಿತು. ಆಮೇಲೆ ಕಂಕನಾಡಿ, ದೇರಳಕಟ್ಟೆ, ಕುಂಟಿಕಾನ ಅಂತ ಕಾಲೇಜುಗಳು ಸಾಲುಗಟ್ಟಿದವು. ಎಂಬಿಬಿಎಸ್, ಬಿಡಿಎಸ್, ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಡಯಾಲಿಸಿಸ್, ಒಟಿ ಟೆಕ್ನಿಷಿಯನ್, ಫಿಸಿಯೋಥೆರಪಿ. ಇಷ್ಟು ಚಿಕ್ಕ ಜಾಗದಲ್ಲಿ ಬಿಳಿ ಕೋಟು ಹಾಕಿದ ಇಷ್ಟೊಂದು ಹುಡುಗ ಹುಡುಗಿಯರನ್ನು ರಾಜ್ಯದ ಬೇರೆ ಕಡೆ ನೋಡುವುದು ಕಷ್ಟ. ಕೇರಳದವರೂ ತುಂಬಾ ಇದ್ದಾರೆ. ರೋಗಿಗಳು ಬರುವುದು ಕಾಸರಗೋಡು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದಿಂದೆಲ್ಲ. ಇಲ್ಲಿ ಕಲಿತವರು ನಾಳೆ ಗಲ್ಫ್, ಬ್ರಿಟನ್, ಬೆಂಗಳೂರು ಅಂತ ಹರಡಿಕೊಳ್ಳುತ್ತಾರೆ. ಇಲ್ಲಿ ಬಿದ್ದ ಅಭ್ಯಾಸವೂ ಅವರ ಜೊತೆಗೇ ಹೋಗುತ್ತದೆ.

ಮೊದಲು ಸೂಜಿಯ ವಿಷಯ ನೋಡೋಣ.

ಎಚ್‌ಐವಿ ಇರುವವರ ರಕ್ತ ಅಂಟಿದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ 0.3. ಸಾವಿರ ಸಲ ಚುಚ್ಚಿದರೆ ಸುಮಾರು ಮೂರು ಸಲ. ಕಣ್ಣಿಗೋ ಬಾಯಿಗೋ ರಕ್ತ ಸಿಡಿದರೆ ಇನ್ನೂ ಕಡಿಮೆ, ಸುಮಾರು ಶೇ 0.09. ಗಾಯವಿಲ್ಲದ ಚರ್ಮದ ಮೇಲೆ ರಕ್ತ ಬಿದ್ದರೆ ಅಪಾಯ ಇಲ್ಲವೆಂದೇ ಹೇಳಬಹುದು. ಇನ್ನೊಂದು ಮಾತು: ಈ ಶೇ 0.3 ಎಂಬ ಅಂಕಿ ಬಂದಿದ್ದು ಈಗಿನಂಥ ಒಳ್ಳೆಯ ಔಷಧಗಳು ಇಲ್ಲದಿದ್ದ ಕಾಲದ ಅಧ್ಯಯನಗಳಿಂದ. ಔಷಧ ಸರಿಯಾಗಿ ತೆಗೆದುಕೊಳ್ಳುತ್ತಾ ರಕ್ತದಲ್ಲಿ ವೈರಸ್ ತೀರಾ ಕಡಿಮೆಯಾಗಿರುವ ರೋಗಿಯಿಂದ ಅಪಾಯ ಇದಕ್ಕಿಂತ ತುಂಬಾ ಕಡಿಮೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಟ್ಟ ಲೆಕ್ಕ ನೋಡಿ. 1985ರಿಂದ 2013ರವರೆಗೆ ಅಲ್ಲಿ ಕೆಲಸದ ವೇಳೆ ಎಚ್‌ಐವಿ ತಗಲಿದ್ದು ಖಚಿತವಾದ ಆರೋಗ್ಯ ಸಿಬ್ಬಂದಿ 58 ಮಂದಿ. ಅದರಲ್ಲಿ 1999ರ ನಂತರದ್ದು ಒಂದೇ ಒಂದು.

ಈ ಅಂಕಿಗಳನ್ನು ಹೇಳುವುದು ಧೈರ್ಯ ತುಂಬಲು ಮಾತ್ರ ಅಲ್ಲ. ಪ್ರಕರಣಗಳು ಇಷ್ಟು ಕಡಿಮೆ ಆಗಲು ಜನ ಮಾಡಿದ ಕೆಲಸವೂ ಕಾರಣ. ಚುಚ್ಚಿದ ಕೂಡಲೇ ಹೇಳಿಕೊಂಡರು, ಔಷಧ ತೆಗೆದುಕೊಂಡರು, ಸೂಜಿ ಎಸೆಯುವ ರೀತಿ ಬದಲಿಸಿದರು. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚುಚ್ಚಿದ ನಂತರ ಜಿಡೋವುಡಿನ್ ಎಂಬ ಒಂದೇ ಔಷಧ ತೆಗೆದುಕೊಂಡವರಲ್ಲಿ ಸೋಂಕಿನ ಅಪಾಯ ಶೇ 81ರಷ್ಟು ತಗ್ಗಿತ್ತು. ಈಗ ಕೊಡುವುದು ಅದಕ್ಕಿಂತ ಒಳ್ಳೆಯ ಔಷಧ. ಟೆನೋಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದು ಮಾತ್ರೆ, ದಿನಕ್ಕೊಂದು, 28 ದಿನ. ಪಿಇಪಿ ಅಂತ ಕರೆಯುವುದು ಇದನ್ನೇ.

ಷರತ್ತು ಸಮಯದ್ದು. ಆದಷ್ಟು ಎರಡು ಗಂಟೆಯೊಳಗೆ ಶುರು ಮಾಡಬೇಕು. 72 ಗಂಟೆ ದಾಟಿದರೆ ಕೊಡುವುದರಲ್ಲಿ ಅರ್ಥವಿಲ್ಲ. ರಾತ್ರಿ ಚುಚ್ಚಿದ್ದನ್ನು ಬೆಳಿಗ್ಗೆ ರೌಂಡ್ಸ್ ಮುಗಿದ ಮೇಲೆ ಹೇಳೋಣ ಅಂದುಕೊಂಡರೆ ಅತಿ ಬೆಲೆಬಾಳುವ ಹೊತ್ತು ಅಲ್ಲೇ ಹೋಯಿತು. ಸರ್ಕಾರಿ ಮಾರ್ಗಸೂಚಿ ಪ್ರಕಾರ ಈ ಔಷಧ ಆಸ್ಪತ್ರೆಯಲ್ಲಿ ದಿನದ 24 ಗಂಟೆಯೂ ಸಿಗುವಂತಿರಬೇಕು. ಮೊದಲ ಡೋಸ್ ತೆಗೆದುಕೊಂಡು ಆಮೇಲೆ ವಿಚಾರ ಮಾಡಬಹುದು. ಬೇಡ ಅಂತ ಗೊತ್ತಾದರೆ ನಿಲ್ಲಿಸಿದರಾಯಿತು.

ಮೊದಲ ಐದು ನಿಮಿಷದ ಕೆಲಸ ತುಂಬಾ ಸರಳ. ಅದಕ್ಕೇ ಇರಬೇಕು ಜನ ನಂಬುವುದಿಲ್ಲ. ಹರಿಯುವ ನೀರು, ಸೋಪು. ಅಷ್ಟೇ. ಬೆರಳು ಹಿಂಡಿ ರಕ್ತ ತೆಗೆಯುವುದು ಬೇಡ. ಬಾಯಿಗೆ ಇಟ್ಟು ಚೀಪುವುದಂತೂ ಬೇಡವೇ ಬೇಡ, ಅದು ಎಲ್ಲರ ಕೈ ತಾನಾಗಿ ಮಾಡುವ ಕೆಲಸ. ಸ್ಪಿರಿಟ್, ಬೆಟಾಡಿನ್, ಬ್ಲೀಚ್ ಹಾಕಿ ಉಜ್ಜಬಾರದು. ಕಣ್ಣಿಗೆ ಸಿಡಿದಿದ್ದರೆ ಚೆನ್ನಾಗಿ ನೀರು ಹಾಕಿ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಹಾಗೇ ತೊಳೆದು ಆಮೇಲೆ ತೆಗೆಯಬೇಕು. ನಂತರ ಡ್ಯೂಟಿ ಡಾಕ್ಟರಿಗೆ ಹೇಳಬೇಕು. ರೋಗಿಯ ಒಪ್ಪಿಗೆ ಪಡೆದು ಅವರ ರಕ್ತ ಪರೀಕ್ಷೆ, ನಿಮ್ಮದೂ ಒಂದು ಪರೀಕ್ಷೆ. ಮುಂದೆ ಆರು ವಾರ, ಮೂರು ತಿಂಗಳು, ಆರು ತಿಂಗಳಿಗೆ ಮತ್ತೆ ಪರೀಕ್ಷೆ.

ಸೂಜಿ ಚುಚ್ಚುವುದಾದರೂ ಹೇಗೆ? ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕುವಾಗ ಆಗುವುದು ಮಾಮೂಲಿ ಕಥೆ. ಹಾಕಬಾರದು ಅಂತ ಎಲ್ಲರಿಗೂ ಗೊತ್ತು. ಆದರೂ ಹಾಕುತ್ತಾರೆ. ಯಾಕೆಂದರೆ ಸೂಜಿ ಹಾಕುವ ಬಿಳಿ ಡಬ್ಬಿ ವಾರ್ಡಿನ ಆ ತುದಿಯಲ್ಲಿ ಇರುತ್ತದೆ, ರೋಗಿ ಈ ತುದಿಯಲ್ಲಿ. ನಡುವೆ ನೆಂಟರು, ಊಟದ ಬುಟ್ಟಿ, ಡ್ರಿಪ್ ಸ್ಟ್ಯಾಂಡ್. ತೆರೆದ ಸೂಜಿ ಹಿಡಿದು ಅಷ್ಟು ದೂರ ನಡೆಯುವುದು ಅಪಾಯ ಅಂತ ಅನಿಸಿ ಹುಡುಗಿ ಕ್ಯಾಪ್ ಹಾಕುತ್ತಾಳೆ. ಅವಳ ಲೆಕ್ಕದಲ್ಲಿ ಅದು ಎಚ್ಚರಿಕೆಯೇ. ಹಾಗಾಗಿ ಇದನ್ನು ಅರಿವಿನ ಕೊರತೆ ಅಂತ ಬರೆದುಕೊಂಡು ಇನ್ನೊಂದು ಉಪನ್ಯಾಸ ಇಟ್ಟರೆ ಏನೂ ಬದಲಾಗುವುದಿಲ್ಲ. ಡಬ್ಬಿಯನ್ನು ಟ್ರಾಲಿಯ ಮೇಲೆ ಮಂಚದ ಹತ್ತಿರಕ್ಕೇ ತರಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಚೂಪಾದ ವಸ್ತುಗಳಿಗೆ ಸೂಜಿ ತೂರದ ಬಿಳಿ ಡಬ್ಬಿಯನ್ನೇ ಹೇಳಿವೆ. ಅದು ತುಂಬಿ ತುಳುಕುವವರೆಗೂ ಬಿಟ್ಟರೆ ಒಳಗೆ ತುರುಕುವಾಗ ಚುಚ್ಚುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಎಸೆದರೆ ಚುಚ್ಚುವುದು ಸ್ವಚ್ಛತಾ ಸಿಬ್ಬಂದಿಗೆ, ಅವರಿಗೆ ಯಾವ ರೋಗಿಯದು ಅಂತ ಕೂಡ ಗೊತ್ತಾಗುವುದಿಲ್ಲ.

ದಂತ ವಿದ್ಯಾರ್ಥಿಗಳ ಕಷ್ಟ ಇನ್ನೊಂದು ಬಗೆಯದು. ಒಂದೇ ರೋಗಿಗೆ ಅರಿವಳಿಕೆಯನ್ನು ಎರಡು ಮೂರು ಸಲ ಕೊಡಬೇಕಾಗುವುದರಿಂದ ಅವರಿಗೆ ಕ್ಯಾಪ್ ಹಾಕದೆ ಬೇರೆ ದಾರಿಯೇ ಇರುವುದಿಲ್ಲ. ಅದನ್ನು ಒಂದೇ ಕೈಯಲ್ಲಿ, ಕ್ಯಾಪನ್ನು ಟ್ರೇ ಮೇಲಿಟ್ಟು ಸೂಜಿಯಿಂದ ಎತ್ತಿಕೊಳ್ಳುವ ರೀತಿಯಲ್ಲಿ ಕಲಿಸಬೇಕು. ಗ್ಲೌಸ್ ಬಗ್ಗೆಯೂ ಒಂದು ಮಾತು. ಅದು ಸೂಜಿಯನ್ನು ತಡೆಯಲ್ಲ. ಆದರೆ ಒಳಗೆ ಹೋಗುವಾಗ ಸೂಜಿಯ ಮೇಲಿನ ರಕ್ತವನ್ನು ಒಂದಷ್ಟು ಒರೆಸಿಬಿಡುತ್ತದೆ.

ಇಷ್ಟೆಲ್ಲ ಎಚ್‌ಐವಿ ಬಗ್ಗೆ. ವಿಚಿತ್ರ ಅಂದರೆ ಅದೇ ಸೂಜಿಯಲ್ಲಿ ಇನ್ನೂ ದೊಡ್ಡ ಅಪಾಯ ಇದೆ, ಅದಕ್ಕೆ ಯಾರೂ ಹೆದರುವುದಿಲ್ಲ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ 6ರಿಂದ 30ರವರೆಗೂ ಇರಬಹುದು. ಇದಕ್ಕೆ ಲಸಿಕೆ ಇದೆ, ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಭಾರತದ ಮಕ್ಕಳ ಲಸಿಕೆ ಕಾರ್ಯಕ್ರಮದಲ್ಲಿ ಇದು ದೇಶದ ಎಲ್ಲ ಕಡೆ ತಲುಪಿದ್ದು 2011ರ ಹೊತ್ತಿಗೆ. ಈಗ ಕಾಲೇಜಿನಲ್ಲಿ ಇರುವವರು ಅದಕ್ಕಿಂತ ಮೊದಲೇ ಹುಟ್ಟಿದವರು. ಚಿಕ್ಕವರಿದ್ದಾಗ ಎಲ್ಲ ಇಂಜೆಕ್ಷನ್ ಆಗಿದೆ ಅಂತ ಅಮ್ಮ ಹೇಳಿದ್ದನ್ನು ನಂಬಿ ವಾರ್ಡಿಗೆ ಇಳಿಯುವುದು ಸರಿಯಲ್ಲ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ ರಕ್ಷಣೆ ಬಂದಿದೆಯೇ ಅಂತ ನೋಡಬೇಕು. ಕಾಲೇಜುಗಳು ಲಸಿಕೆ ಹಾಕಿಸುವವರೆಗೆ ಬರುತ್ತವೆ. ಈ ಕೊನೆಯ ಪರೀಕ್ಷೆ ಸುಲಭವಾಗಿ ಬಿಟ್ಟುಹೋಗುತ್ತದೆ.

ಹೆದರಿಕೆ ತಪ್ಪು ಕಡೆ ತಿರುಗಿದೆ ಅನ್ನುವುದಕ್ಕೆ ವಾರ್ಡಿನಲ್ಲೇ ಉದಾಹರಣೆ ಇದೆ. ಕೇಸ್ ಶೀಟ್ ಮೇಲೆ ಕೆಂಪು ಇಂಕಿನಲ್ಲಿ ಏನೋ ಗುರುತು. ಮಂಚದ ತಲೆಯ ಹತ್ತಿರ ಬಯೋಹಜಾರ್ಡ್ ಸ್ಟಿಕ್ಕರ್. ಹ್ಯಾಂಡೋವರ್ ಕೊಡುವಾಗ ‘ಏಳನೇ ಬೆಡ್ ರೆಟ್ರೋ, ಹುಷಾರು’ ಅಂತ ಒಂದು ಪಿಸುಮಾತು. ರೆಟ್ರೋ ಅಂದರೆ ಎಚ್‌ಐವಿ ಇರುವವರು ಅಂತ ವಾರ್ಡಿನ ಗುಪ್ತ ಮಾತು. ಅಲ್ಲಿಗೆ ಹೋಗುವಾಗ ಎರಡು ಜೊತೆ ಗ್ಲೌಸ್. ಎಂಟನೇ ಬೆಡ್ಡಿಗೆ ಹೋಗುವಾಗ ಕೈ ಖಾಲಿ.

ಇದರಲ್ಲಿ ತರ್ಕ ಎಲ್ಲಿ ತಪ್ಪಿದೆ ನೋಡಿ. ಏಳನೇ ಬೆಡ್ಡಿನವರಿಗೆ ಸೋಂಕು ಇರುವುದು ಗೊತ್ತಿದೆ. ಅವರು ಬಹುಶಃ ಔಷಧದಲ್ಲಿ ಇದ್ದಾರೆ, ವೈರಸ್ ಹಿಡಿತದಲ್ಲಿರಬಹುದು. ಎಂಟನೇ ಬೆಡ್ಡಿನವರದ್ದು ಪರೀಕ್ಷೆಯೇ ಆಗಿಲ್ಲ. ಆಗಿದ್ದರೂ ಸೋಂಕು ತಗಲಿದ ಹೊಸತರಲ್ಲಿ ಟೆಸ್ಟ್ ನೆಗೆಟಿವ್ ಬರುವ ವಿಂಡೋ ಪೀರಿಯಡ್ ಅಂತ ಒಂದು ಇದೆ. ಆ ದಿನಗಳಲ್ಲೇ ರಕ್ತದಲ್ಲಿ ವೈರಸ್ ಅತಿ ಹೆಚ್ಚು. ಹಾಗಾಗಿ ಅಪಾಯದ ಲೆಕ್ಕದಲ್ಲಿ ಎಚ್ಚರಿಕೆ ಬೇಕಾಗಿದ್ದು ಎಂಟನೇ ಬೆಡ್ಡಿನಲ್ಲೂ ಅಷ್ಟೇ. ಯೂನಿವರ್ಸಲ್ ಪ್ರಿಕಾಷನ್ ಅಂತ 80ರ ದಶಕದಲ್ಲೇ ಬಂದ ನಿಯಮದ ಹುರುಳು ಇಷ್ಟೇ: ಎಲ್ಲರ ರಕ್ತವೂ ಒಂದೇ. ಎಲ್ಲರೂ ಇದನ್ನು ಪರೀಕ್ಷೆಯಲ್ಲಿ ಬರೆಯುತ್ತಾರೆ. ಸ್ಟಿಕ್ಕರ್ ಅಂಟಿಸಿದ ಕ್ಷಣ ಅದೇ ನಿಯಮ ಮುರಿದು ಬೀಳುತ್ತದೆ, ಯಾಕೆಂದರೆ ಸ್ಟಿಕ್ಕರ್ ಇಲ್ಲದ ಬೆಡ್ ಸುರಕ್ಷಿತ ಅಂತ ಅದು ಸುಳ್ಳು ಹೇಳುತ್ತದೆ. ಡಯಾಲಿಸಿಸ್ ಕಲಿಯುವವರಿಗೆ ಇನ್ನೊಂದು ಉದಾಹರಣೆ: ಬೇರೆ ಯಂತ್ರ ಮೀಸಲಿಡಬೇಕು ಅಂತ ಸಿಡಿಸಿ ಹೇಳುವುದು ಹೆಪಟೈಟಿಸ್ ಬಿ ರೋಗಿಗಳಿಗೆ, ಎಚ್‌ಐವಿ ಇರುವವರಿಗಲ್ಲ.

ಭಯದ ವಯಸ್ಸಿಗೂ ರೋಗದ ಈಗಿನ ಸ್ಥಿತಿಗೂ ತಾಳೆ ಇಲ್ಲ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈನಲ್ಲಿ. ಸರ್ಕಾರ ಉಚಿತವಾಗಿ ಎಆರ್‌ಟಿ (ವೈರಸ್ಸನ್ನು ಹತೋಟಿಯಲ್ಲಿಡುವ) ಔಷಧ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಇವತ್ತು ಮೊದಲ ವರ್ಷದಲ್ಲಿ ಕೂತಿರುವ ಹೆಚ್ಚಿನವರು ಹುಟ್ಟಿದ್ದು ಆಮೇಲೆ. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ, ರೋಗ ನಿರೋಧಕ ಶಕ್ತಿ ತೋರಿಸುವ ಸಿಡಿ4 ಕಣಗಳ ಸಂಖ್ಯೆ ಎಷ್ಟೇ ಇರಲಿ, ಔಷಧ ಸಿಗುತ್ತದೆ. ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ದಾಟುವುದಿಲ್ಲ ಅನ್ನುವುದು ದೊಡ್ಡ ಅಧ್ಯಯನಗಳಲ್ಲಿ ಖಚಿತವಾಗಿದೆ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಹೋಗುವ ಸಾಧ್ಯತೆ ಶೇ 15ರಿಂದ 45. ಚಿಕಿತ್ಸೆ ಇದ್ದರೆ ಶೇ 5ಕ್ಕಿಂತ ಕೆಳಗೆ. ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿ ಜೊತೆ ಬದುಕುತ್ತಿದ್ದಾರೆ. ಅವರಿಗೂ ಹಲ್ಲು ನೋಯುತ್ತದೆ, ಕಾಲು ಮುರಿಯುತ್ತದೆ, ಹೆರಿಗೆ ಆಗುತ್ತದೆ. ವಿದ್ಯಾರ್ಥಿಗಳು ಅವರನ್ನು ನೋಡುವುದು ಎಆರ್‌ಟಿ ಕೇಂದ್ರದಲ್ಲಿ ಮಾತ್ರ ಅಲ್ಲ, ಎಲ್ಲ ವಿಭಾಗದಲ್ಲೂ.

ಆದರೆ ತಲೆಯಲ್ಲಿ ಉಳಿದಿರುವುದು 90ರ ದಶಕದ ಗೋಡೆ ಬರಹ. ಮನೆಯವರಿಂದ, ಹಳೆಯ ಸಿನಿಮಾಗಳಿಂದ ಬಂದ ಭಯ. ನಾಲ್ಕು ದಾರಿ ಉರು ಹೊಡೆದರೆ ಅದು ಹೋಗುವುದಿಲ್ಲ. ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಹೋಮಿಯೋಪಥಿ ಔಷಧ ಕೊಡುತ್ತಾ ಶುರು ಮಾಡಿದ ಸೇವೆ ಮುಂದೆ ಕುಷ್ಠ ರೋಗಿಗಳಿಗೂ ಆಶ್ರಯ ಕೊಟ್ಟಿತು. ಜನ ದೂರ ಇಟ್ಟವರನ್ನು ಮುಟ್ಟಿ ಆರೈಕೆ ಮಾಡುವುದು ಈ ಊರಿಗೆ ಹೊಸತೇನಲ್ಲ.

ಇನ್ನು ಗುಟ್ಟಿನ ವಿಷಯ. ಇದು ಕರಾವಳಿಯಲ್ಲಿ ನಿಜಕ್ಕೂ ಕಷ್ಟ. ತುಳುನಾಡಿನಲ್ಲಿ ಯಾರೇ ಸಿಕ್ಕಿದರೂ ಎರಡನೇ ಮಾತು ‘ಇಲ್ಲ್ ಓಲು?’ ಮನೆ ಎಲ್ಲಿ ಅಂತ ಹೇಳಿದ ಕೂಡಲೇ ಇಂಥವರ ಪಕ್ಕದ ಮನೆ, ಇಂಥವರ ಭಾವ ಅಂತ ನೆಂಟಸ್ತಿಕೆ ಹೊರಬರುತ್ತದೆ. ಬಂಟ್ವಾಳದ ಹುಡುಗಿ ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲಿ ಪೋಸ್ಟಿಂಗ್ ಮಾಡುವಾಗ ಊರಿನ ರಿಕ್ಷಾದವರು ಅಲ್ಲೇ ರೋಗಿಯಾಗಿ ಇರಬಹುದು. ಸಂಜೆ ಬಸ್ಸಿನಲ್ಲಿ ಗೆಳತಿಗೆ ಹೇಳುವ ಒಂದು ಮಾತು ಸಾಕು. ಹೆಸರು ಹೇಳಿಲ್ಲವಲ್ಲ ಅನ್ನುವುದು ಇಲ್ಲಿ ನಡೆಯಲ್ಲ. ಊರು, ಕೆಲಸ, ವಯಸ್ಸು ಹೇಳಿದರೆ ಹೆಸರು ಹೇಳಿದ ಹಾಗೆಯೇ. ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಕೇಸ್ ಶೀಟಿನ ಫೋಟೋ ಹಾಕುವುದಂತೂ ಈಗ ಅಭ್ಯಾಸವೇ ಆಗಿದೆ. ಓದಲು ಅನುಕೂಲ ಅಂತ ಹಾಕುತ್ತಾರೆ, ಮೂಲೆಯಲ್ಲಿ ರೋಗಿಯ ಹೆಸರು ಹಾಗೇ ಇರುತ್ತದೆ.

2017ರಲ್ಲಿ ಆದ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ಇದನ್ನೆಲ್ಲ ಮುಟ್ಟುತ್ತದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ರಕ್ತದಾನದಲ್ಲಿ ಬಂದ ರಕ್ತದ ತಪಾಸಣೆಯಂಥ ಕೆಲವು ಸಂದರ್ಭ ಬಿಟ್ಟು. ಎಚ್‌ಐವಿ ಪರೀಕ್ಷೆ ಮಾಡಿಸಿದರೆ ಮಾತ್ರ ಚಿಕಿತ್ಸೆ, ಕೆಲಸ ಅಥವಾ ಸೀಟು ಅಂತ ಷರತ್ತು ಹಾಕುವಂತಿಲ್ಲ. ಫಲಿತಾಂಶವನ್ನು ಚಿಕಿತ್ಸೆಗೆ ಅಗತ್ಯ ಇರುವ ವೈದ್ಯಕೀಯ ಸಿಬ್ಬಂದಿ ಬಿಟ್ಟು ಬೇರೆಯವರಿಗೆ ಸಾಮಾನ್ಯವಾಗಿ ಹೇಳುವಂತಿಲ್ಲ. ವಾರ್ಡಿನಲ್ಲಿ ಸಹಿ ಹಾಕಿಸಿಕೊಳ್ಳುವಾಗ ಆಗುವುದೇನು? ಅಪರೇಷನ್ನಿಗೆ ಮುಂಚೆ ಕಾಗದಗಳ ಕಟ್ಟಿನಲ್ಲಿ ಇದೂ ಒಂದು. ‘ಇಲ್ಲಿ ಹಾಕಿ, ಇಲ್ಲಿ ಹಾಕಿ’ ಅಂತ ಬೆರಳು ತೋರಿಸುವ ಕೆಲಸ ಸಾಮಾನ್ಯವಾಗಿ ವಿದ್ಯಾರ್ಥಿಯದೇ. ರೋಗಿ ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಮಾತಾಡುತ್ತಾರೆ. ಸಹಿ ಕೇಳುವ ಕೊಟ್ಟಾಯಂನ ಹುಡುಗನಿಗೆ ನಾಲ್ಕು ಮಾತು ಕನ್ನಡ ಬರುತ್ತದೆ. ಅಲ್ಲಿ ಒಪ್ಪಿಗೆ ಅನ್ನುವುದು ಎಷ್ಟು ಉಳಿಯಿತು? ಎಚ್‌ಐವಿ ಪರೀಕ್ಷೆ, ಆಪ್ತ ಸಮಾಲೋಚನೆ ನಡೆಯುವ ಐಸಿಟಿಸಿ ಕೇಂದ್ರದಲ್ಲಿ ಕೌನ್ಸೆಲರ್ ಬಾಗಿಲು ಮುಂದಕ್ಕೆ ಮಾಡಿಕೊಂಡು ಹೇಗೆ ಮಾತಾಡುತ್ತಾರೆ ಅಂತ ಪ್ರತಿಯೊಬ್ಬ ವಿದ್ಯಾರ್ಥಿಯೂ, ರೋಗಿಯ ಅನುಮತಿ ಪಡೆದು, ಒಂದು ಬೆಳಿಗ್ಗೆ ಕೂತು ನೋಡುವಂತಾಗಬೇಕು. ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1ರ ಜಾಥಾಕ್ಕಿಂತ ಅದು ಹೆಚ್ಚು ಕಲಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಜಾಥಾ, ಬೀದಿ ನಾಟಕ, ರಂಗೋಲಿ ಬೇಡ ಅಂತಲ್ಲ. ಅವು ಊರಿನವರಿಗೆ. ಕೆಂಪು ರಿಬ್ಬನ್ ಸಿಕ್ಕಿಸಿಕೊಂಡು ಫೋಟೋ ತೆಗೆಸಿಕೊಂಡ ಮಾತ್ರಕ್ಕೆ ಪಿಇಪಿ ಕಪಾಟು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಇಷ್ಟೆಲ್ಲ ಗೊತ್ತಿದ್ದೂ ವಿದ್ಯಾರ್ಥಿಗಳು ಸೂಜಿ ಚುಚ್ಚಿದ್ದನ್ನು ಮುಚ್ಚಿಡುತ್ತಾರೆ. ಬೈಗುಳದ ಭಯ ಒಂದು ಕಾರಣ. ಇನ್‌ಚಾರ್ಜ್ ಸಿಸ್ಟರ್ ಎಲ್ಲರ ಎದುರು ‘ಕಣ್ಣು ಎಲ್ಲಿತ್ತು?’ ಅಂದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಇಂಟರ್ನಲ್ ಮಾರ್ಕ್ಸ್ ಹೋಗಬಹುದು, ಪೋಸ್ಟಿಂಗ್ ಮತ್ತೆ ಮಾಡಬೇಕಾಗಬಹುದು ಅನ್ನುವ ಲೆಕ್ಕ ಇನ್ನೊಂದು. ಮನೆಗೆ ಗೊತ್ತಾದರೆ ಓದು ಬಿಡಿಸಿ ಕರೆದುಕೊಂಡು ಹೋಗುತ್ತಾರೆ ಅನ್ನುವ ಹೆದರಿಕೆಯೂ ಇದೆ, ಹುಡುಗಿಯರಿಗೆ ಮದುವೆಯ ಮಾತೂ ಸೇರಿಕೊಳ್ಳುತ್ತದೆ. ಇವೆಲ್ಲದರ ಅಡಿಯಲ್ಲಿ ಯಾರೂ ಜೋರಾಗಿ ಹೇಳದ ಇನ್ನೊಂದು ಇದೆ. ಚುಚ್ಚಿದ ದಿನ ಮಾಡುವ ಮೊದಲ ಪರೀಕ್ಷೆ ವಿದ್ಯಾರ್ಥಿಯ ಸ್ವಂತ ರಕ್ತದ್ದು. ಅದರಲ್ಲಿ ಪಾಸಿಟಿವ್ ಬಂದರೆ? ಅದು ಈ ಸೂಜಿಯಿಂದ ಬಂದಿದ್ದಲ್ಲ, ಮೊದಲೇ ಇತ್ತು ಅಂತ ಅರ್ಥ. ಆ ಕಾಗದ ಯಾರ ಮೇಜಿನ ಮೇಲೆ ಹೋಗುತ್ತದೆ? ವಾರ್ಡನ್‌ಗೆ ಗೊತ್ತಾಗುತ್ತದಾ?

ನಮ್ಮ ಅರಿವಿನ ಕಾರ್ಯಕ್ರಮಗಳೆಲ್ಲ ಈ ಕಡೆ ವಿದ್ಯಾರ್ಥಿ, ಆ ಕಡೆ ಸೋಂಕಿತರು ಅಂತ ಭಾವಿಸಿಕೊಂಡೇ ನಡೆಯುತ್ತವೆ. ಹುಟ್ಟಿನಿಂದಲೇ ಎಚ್‌ಐವಿ ಇದ್ದು, ಔಷಧ ತೆಗೆದುಕೊಳ್ಳುತ್ತಾ ಬೆಳೆದ ಮಕ್ಕಳು ಈಗ ಕಾಲೇಜಿನ ವಯಸ್ಸಿಗೆ ಬಂದಿದ್ದಾರೆ. ಅವರಲ್ಲಿ ಯಾರಾದರೂ ನರ್ಸಿಂಗ್ ಓದಬಾರದು ಅಂತ ಏನಿದೆ? ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸೋಂಕಿನ ಕಾರಣಕ್ಕೆ ಶಿಕ್ಷಣ ನಿರಾಕರಿಸಿದರೆ ಅಥವಾ ಬೇರೆ ಕೂರಿಸಿದರೆ ಅದು ತಾರತಮ್ಯ. ವಿದ್ಯಾರ್ಥಿಯ ಫಲಿತಾಂಶಕ್ಕೂ ರೋಗಿಯ ಫಲಿತಾಂಶದಷ್ಟೇ ಗುಟ್ಟಿನ ರಕ್ಷಣೆ ಇದೆ. ಸೂಜಿ ಚುಚ್ಚುವ ಅಪಾಯ ಇರುವ ಕಡೆ ಸುರಕ್ಷಾ ಸಾಮಗ್ರಿ, ತರಬೇತಿ, ಪಿಇಪಿ ಕೊಡುವುದು ಸಂಸ್ಥೆಯ ಹೊಣೆ, ಕೃಪೆಯಲ್ಲ.

ಇದೇ ಕಾಯ್ದೆಯ ಪ್ರಕಾರ 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಆರೋಗ್ಯ ಸಂಸ್ಥೆಯಲ್ಲೂ ಒಬ್ಬ ದೂರು ಅಧಿಕಾರಿ ಇರಬೇಕು. ಮಂಗಳೂರು, ಉಡುಪಿಯ ಯಾವ ಬೋಧನಾ ಆಸ್ಪತ್ರೆಯೂ ಈ ಸಂಖ್ಯೆಗಿಂತ ಚಿಕ್ಕದಲ್ಲ. ಅವರ ಮೇಲೆ ರಾಜ್ಯದ ಮಟ್ಟದಲ್ಲಿ ದೂರು ವಿಚಾರಿಸುವ ಓಂಬುಡ್ಸ್‌ಮನ್. ಅವರು ದೂರು ಬಂದ 30 ದಿನದೊಳಗೆ ಆದೇಶ ಕೊಡಬೇಕು, ತುರ್ತು ಚಿಕಿತ್ಸೆಯ ವಿಷಯವಾದರೆ ಸಾಧ್ಯವಾದಷ್ಟೂ 24 ಗಂಟೆಯಲ್ಲಿ. ನಿಮ್ಮ ಆಸ್ಪತ್ರೆಯ ದೂರು ಅಧಿಕಾರಿ ಯಾರು ಅಂತ ಪೋಸ್ಟಿಂಗ್‌ನ ಮೊದಲ ದಿನವೇ ಕೇಳಿ. ಅದರ ಜೊತೆಗೆ ರಾತ್ರಿ ಪಿಇಪಿ ಮಾತ್ರೆ ಯಾವ ಕೋಣೆಯಲ್ಲಿ ಸಿಗುತ್ತದೆ ಅನ್ನುವುದನ್ನೂ ಕೇಳಿ. ಯಾರಿಗೂ ಹೇಳಿಕೊಳ್ಳಲಾಗದ ಪ್ರಶ್ನೆ ಇದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಕರೆ ಉಚಿತ, ಹೆಸರು ಹೇಳಬೇಕಿಲ್ಲ.